ನಮ್ಮ ಗೋಡೆಯಾಚೆಯ ಶಾಲೆ ನಮಗೆ ದೂರವಂತೆ

ಶಾಲಾ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳಿಗೆ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಸೀಟು ಕೊಡಲಾಗದೆಂದು ತಮ್ಮ ಇಲಾಖೆ ಹೇಳಿದೆ. ನಮ್ಮ ಮನೆ ಶಾಲೆಯಿಂದ ಬಹಳ ದೂರ ಎಂಬುದು ಕಾರಣ. ಆ ಶಾಲೆಯ ಹಿಂಭಾಗಕ್ಕೂ ನಮ್ಮ ಅಡುಗೆಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ನನ್ನ ಹೆಂಡತಿ ಮೆಣಸಿನಕಾಯಿ ಹುರಿದರೆ ಎಂಟನೇ ತರಗತಿಯ ಮಕ್ಕಳು ಸಾಲಾಗಿ ಸೀನುತ್ತಾರೆ. ಅವರು ಸೀನಿದ್ದು ನಮಗೆ ಕೇಳಿಸುತ್ತದೆ, ಇವಳು ಒಲೆ ಸಣ್ಣಗೆ ಮಾಡುತ್ತಾಳೆ. ಇದನ್ನು ದೂರ ಎನ್ನುವುದಾದರೆ ಹತ್ತಿರ ಎಂಬ ಮಾತಿಗೆ ತಮ್ಮ ಇಲಾಖೆಯಲ್ಲಿ ಅರ್ಥವೇನು? ನಾವು ಬೆಂಚಿನ ಮೇಲೆಯೇ ಸಂಸಾರ ಹೂಡಬೇಕಿತ್ತೇ?

ನಾನು ಯಾರೆಂದು ತಮಗೆ ನೆನಪಿರಲಾರದು. ತಮ್ಮ ದನಿಯ ಪರಿಚಯ ಮಾತ್ರ ನನಗೆ ಚೆನ್ನಾಗಿದೆ. ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ತಮ್ಮ ಇಲಾಖೆಯ ಸಭೆ, ಸನ್ಮಾನ, ಉದ್ಘಾಟನೆ ಎಲ್ಲಕ್ಕೂ ಪೆಟ್ಟಿಗೆ ಹೊತ್ತು, ವೈರು ಎಳೆದು, ತಾವು ಮುಗಿಸುವವರೆಗೂ ವೇದಿಕೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವನು. ತಾವು ಮಾತು ಶುರುಮಾಡುವ ಮೊದಲು ಮೈಕನ್ನು ಬೆರಳಿನಿಂದ ಟಕಟಕನೆ ಕುಟ್ಟುತ್ತೀರಿ. ಅದನ್ನು ದಯವಿಟ್ಟು ಮಾಡಬೇಡಿ, ಒಳಗಿನ ಪರದೆ ಹಾಳಾಗುತ್ತದೆ. ಇಷ್ಟು ವರ್ಷ ಹೇಳಬೇಕೆಂದುಕೊಂಡು ಸುಮ್ಮನಿದ್ದೆ. ಈ ಪತ್ರದಲ್ಲಿ ಹೇಗೂ ಹೇಳುವುದು ಬಹಳ ಇರುವುದರಿಂದ ಇದನ್ನೂ ಹೇಳಿಬಿಟ್ಟೆ.

ನನಗಿರುವುದು ಒಬ್ಬಳೇ ಮಗಳು. ಅವಳ ಗಂಟಲು ದೊಡ್ಡದು. ತೊಟ್ಟಿಲಲ್ಲಿದ್ದಾಗಲೇ ಅವಳು ಅತ್ತರೆ ಬೀದಿಯ ಆ ತುದಿಯವರು ಬಂದು ವಿಚಾರಿಸುತ್ತಿದ್ದರು. ಹಾಗಾಗಿ ಬೀದಿಯವರೆಲ್ಲ ಅವಳನ್ನು ಕರೆಯುವುದು 'ಮೈಕು' ಎಂದು. ಏಳನೇ ತರಗತಿಯ ಪರೀಕ್ಷೆಯಲ್ಲಿ ಅವಳು ಊರಿಗೇ ಎರಡನೆಯವಳಾಗಿ ಪಾಸಾದಳು. ಅಂದು ತಾವೇ ಅವಳನ್ನು ವೇದಿಕೆಗೆ ಕರೆದು, ಕೈಗೊಂದು ಪ್ರಮಾಣಪತ್ರ ಕೊಟ್ಟು, "ಇಂಥ ಮಕ್ಕಳೇ ನಾಡಿನ ಆಸ್ತಿ" ಎಂದಿರಿ. ಆ ಮಾತು ಹೋದದ್ದೂ ನನ್ನ ಮೈಕಿನಿಂದಲೇ. ಆಸ್ತಿಯನ್ನು ಇಡುವುದಕ್ಕೆ ಒಂದು ಬೆಂಚು ಕೇಳಿದ್ದೇ ನನ್ನ ತಪ್ಪಾಯಿತು.

ಅಡ್ಮಿಷನ್ ಶುರುವಾದ ದಿನ ನಾವಿಬ್ಬರೂ ತಲೆ ಬಾಚಿಕೊಂಡು ಮುಂಬಾಗಿಲಿನಿಂದ ಶಾಲೆಗೆ ಹೋದೆವು. ಗೋಡೆ ಹಾರಿದರೆ ಒಂದು ನೆಗೆತ. ಆದರೂ ಮರ್ಯಾದೆಯಾಗಿ ಬೀದಿ ಸುತ್ತಿ ಹೋದೆವು. ಆಫೀಸಿನ ಗುಮಾಸ್ತರು ನಮ್ಮ ವಿಳಾಸವನ್ನು ಕಂಪ್ಯೂಟರಿನಲ್ಲಿ ಕುಟ್ಟಿ, ಕನ್ನಡಕ ಹಣೆಗೇರಿಸಿಕೊಂಡರು.

"ನಿಮ್ಮನೆ ದೂರ ಆಗುತ್ತೆ ಕಣ್ರೀ. ಕಂಪ್ಯೂಟರು ತಗೋತಿಲ್ಲ."

"ದೂರ ಹೇಗಾಗುತ್ತೆ ಸಾರ್? ಕಿಟಕಿಯಾಚೆ ನೋಡಿ. ಹಗ್ಗದ ಮೇಲೆ ನೀಲಿ ಅಂಗಿ ಒಣಗ್ತಿದೆಯಲ್ಲ, ಅದು ನಂದೇ."

ಅವರು ಎದ್ದು ಹೋಗಿ ನೋಡಿದರು. ಕೆಟ್ಟ ಮನುಷ್ಯರಲ್ಲ. "ನಂಗೆ ಕಾಣುತ್ತೆ. ಅದಕ್ಕೆ ಕಾಣಲ್ವಲ್ಲ," ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಏನ್ರೀ, ಸಿಕ್ತಾ ಸೀಟು? ಒಲೆ ಮೇಲೆ ಹಾಲಿಟ್ಟಿದೀನಿ, ಬೇಗ ಹೇಳಿ!"

"ಯಾರ್ರೀ ಅದು?" ಎಂದರು ಗುಮಾಸ್ತರು.

"ನಮ್ಮನೆಯವಳು ಸಾರ್. ದೂರದಿಂದ ಕೂಗ್ತಿದಾಳೆ."

ಅವರಿಗೂ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ದನಿ ಇಳಿಸಿ ಒಳಗುಟ್ಟು ಹೇಳಿದರು. ಶಾಲೆಯಿಂದ ಮೂರು ಕಿಲೋಮೀಟರಿನೊಳಗೆ ಇರುವವರಿಗೆ ಮಾತ್ರ ಸೀಟು ಎಂದು ನಿಯಮ. ಆದರೆ ಇಲಾಖೆಯ ಪ್ರಕಾರ ಶಾಲೆ ಇಲ್ಲಿಲ್ಲ. ಅದರ ಅಧಿಕೃತ ವಿಳಾಸ ಬೈಪಾಸ್ ರಸ್ತೆಯ ಬದಿಯಲ್ಲಿ ಮಂಜೂರಾದ ಹೊಸ ಸೈಟು. ಅಳತೆ ಶುರುವಾಗುವುದು ಅಲ್ಲಿಟ್ಟಿರುವ ಶಂಕುಸ್ಥಾಪನೆಯ ಕಲ್ಲಿನಿಂದ. ಈ ಏರ್ಪಾಟು ಬಂದು ಮೂರು ವರ್ಷವಾಗಿದೆಯಂತೆ. ನಮ್ಮ ಬೀದಿಯಲ್ಲಿ ಆ ವಯಸ್ಸಿನ ಮಕ್ಕಳು ಬೇರೆ ಇಲ್ಲದ್ದರಿಂದ ಅದರ ಬಿಸಿ ನಮಗೆ ತಟ್ಟಿರಲಿಲ್ಲ.

ಮಾನ್ಯರೇ, ತಮಗೆ ಆ ಸೈಟು ನೆನಪಿದೆಯೇ? ಅಲ್ಲಿ ಶಾಲೆಯಿಲ್ಲ. ಗೋಡೆಯಿಲ್ಲ, ಸೂರಿಲ್ಲ, ಒಂದು ನಲ್ಲಿಯಿಲ್ಲ. ಅರ್ಧ ನೀರು ನಿಂತ ಹೊಲ, ಅರ್ಧ ಮುಳ್ಳುಗಿಡ, ರಸ್ತೆಯ ಅಂಚಿನಲ್ಲಿ ತಮ್ಮ ಹುದ್ದೆಯನ್ನು ಕೆತ್ತಿಸಿದ ಒಂದು ಕಲ್ಲು. ನಾಲ್ಕು ವರ್ಷದ ಹಿಂದೆ ತಾವು ಅಲ್ಲಿ ನಿಂತು, "ಮುಂದಿನ ವರ್ಷ ಇದೇ ಹೊತ್ತಿಗೆ ಇಲ್ಲಿ ಮಕ್ಕಳ ಕಲರವ ಕೇಳಬೇಕು" ಎಂದಿರಿ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಚೆನ್ನಾಗಿ ಕೇಳಲೆಂದು ನಾನೇ ಸೌಂಡು ಏರಿಸಿದ್ದೆ. ಮೊನ್ನೆ ಹೋಗಿ ನಿಂತುಕೊಂಡು ಕೇಳಿ ಬಂದೆ. ಕಲರವಕ್ಕೇನೂ ಕಡಿಮೆಯಿಲ್ಲ, ಕಪ್ಪೆಗಳದ್ದು. ಅವುಗಳ ಮನೆ ಕಲ್ಲಿಗೆ ಹತ್ತಿರವೇ ಇರುವುದರಿಂದ ಅವಕ್ಕೆ ಸೀಟಿನ ತೊಂದರೆ ಇರಲಾರದು.

ಇನ್ನೊಂದು ವಿಷಯವಿದೆ. ಅದನ್ನು ಬಲ್ಲವರು ಬಹಳ ಮಂದಿಯಿಲ್ಲ, ಬಲ್ಲವರಲ್ಲಿ ನಾನೊಬ್ಬ. ಆ ಕಲ್ಲು ಇರಬೇಕಾದದ್ದು ಅಲ್ಲಿ ಅಲ್ಲ. ಕಟ್ಟಡ ಬರಬೇಕಾದ ಜಾಗವನ್ನು ತಮ್ಮ ಇಂಜಿನಿಯರು ಸೈಟಿನ ಒಳಗೆ, ಊರಿನ ಕಡೆಗೆ, ಕೆಂಪು ಬಣ್ಣ ಬಳಿದ ನಾಲ್ಕು ಗೂಟ ನೆಟ್ಟು ಗುರುತು ಮಾಡಿದ್ದರು. ಶಂಕುಸ್ಥಾಪನೆಯ ಹಿಂದಿನ ದಿನ ಮಳೆ ಬಂದು ನೆಲ ಕೆಸರೆದ್ದಿತ್ತು. ನಾನು ರಸ್ತೆಯಾಚೆಯ ಪೆಟ್ರೋಲ್ ಬಂಕಿನಿಂದ ಕರೆಂಟು ತೆಗೆದುಕೊಂಡಿದ್ದೆ. ತಮ್ಮ ಕಾರು ಬಂದು ನಿಂತೊಡನೆ ತಮ್ಮ ಆಪ್ತ ಸಹಾಯಕರು ನನ್ನ ಹತ್ತಿರ ಓಡಿಬಂದರು.

"ಮೈಕು ಆ ಗೂಟದ ಹತ್ರ ಹೋಗುತ್ತೇನಪ್ಪಾ?"

"ವೈರು ಸಾಲಲ್ಲ ಸಾರ್. ಸ್ವಲ್ಪ ಟೈಮು ಕೊಡಿ, ಮನೆಯಿಂದ ಇನ್ನೊಂದು ಸುರುಳಿ ತರ್ತೀನಿ."

"ಟೈಮೆಲ್ಲಿದೆ? ಸಾಹೇಬ್ರು ಇಳೀತಿದಾರೆ. ಹೊಸ ಬೂಟು ಬೇರೆ. ವೈರು ಎಲ್ಲಿಗೆ ಬರುತ್ತೋ ಅಲ್ಲೇ ಹಾಕ್ಸಿಬಿಡೋಣ ಕಲ್ಲು."

ಹಾಗೆ ನನ್ನ ವೈರು ಮುಗಿದಲ್ಲಿ ಈ ಊರಿನ ಪ್ರೌಢಶಾಲೆಯ ಬುನಾದಿ ಬಿತ್ತು. ಆಗ ನಾವೆಲ್ಲ ನಕ್ಕೆವು. ತಾವು ಬೂಟಿಗೆ ಕೆಸರು ತಾಗಿಸಿಕೊಳ್ಳದೆ ರಿಬ್ಬನ್ ಕತ್ತರಿಸಿ, ಟೀ ಕುಡಿದು ಹೋದಿರಿ. ಈಗ ನನ್ನ ಗೂಡ್ಸ್ ಆಟೋದ ಮೀಟರು ನೋಡಿಕೊಂಡು ಹೋಗಿ ಬಂದಿದ್ದೇನೆ. ನಮ್ಮ ಮನೆಯಿಂದ ಆ ಗೂಟಗಳ ಹತ್ತಿರಕ್ಕೆ ಮೂರು ಕಿಲೋಮೀಟರು ಪೂರ್ತಿ ಆಗುವುದಿಲ್ಲ. ಕಲ್ಲಿನವರೆಗೆ ಹೋದರೆ ಒಂದಿಷ್ಟು ಹೆಚ್ಚಾಗುತ್ತದೆ. ಅಂದರೆ ತಾವು ಇಲ್ಲದ ಶಾಲೆಯಿಂದಲೇ ಅಳೆದರೂ, ಸರಿಯಾದ ಜಾಗದಿಂದ ಅಳೆದಿದ್ದರೆ ನನ್ನ ಮಗಳಿಗೆ ಸೀಟಿತ್ತು. ಅವಳ ಸೀಟು ತಪ್ಪಿದ್ದು ತಮ್ಮ ಬೂಟಿನಿಂದ. ಈ ಮಾತು ಒರಟಾಯಿತೆಂದು ತಮಗೆ ಅನ್ನಿಸಿದರೆ, ಅನ್ನಿಸಲಿ.

ಇದನ್ನೆಲ್ಲ ತಮ್ಮ ಕಚೇರಿಗೇ ಬಂದು ಹೇಳಿದೆ. ನಾನು ಚಪ್ಪಲಿ ಸವೆಸಿದ ಲೆಕ್ಕ ಇಲ್ಲಿ ಬೇಡ, ಅದು ಎಲ್ಲರೂ ಸವೆಸುವಂಥದ್ದೇ. ಮೊದಲನೆಯವರು ಎರಡನೆಯವರನ್ನು ಕೇಳಿ ಎಂದರು, ಎರಡನೆಯವರು ಊಟಕ್ಕೆ ಹೋಗಿದ್ದರು, ಊಟದಿಂದ ಬಂದವರು ಮೊದಲನೆಯವರನ್ನು ಕೇಳಿ ಎಂದರು. ಕೊನೆಗೊಂದು ದಿನ ತಾವೇ ಸಿಕ್ಕಿದಿರಿ. ತಮ್ಮ ಕೊಠಡಿಯ ಗೋಡೆಯ ಮೇಲೆ ಹೊಸ ಶಾಲೆಯ ದೊಡ್ಡ ಬಣ್ಣದ ಚಿತ್ರವಿತ್ತು. ಎರಡು ಅಂತಸ್ತು, ಕಮಾನು, ಹೂದೋಟ, ಕೈ ಹಿಡಿದು ನಡೆಯುತ್ತಿರುವ ಮಕ್ಕಳು. ಚಿತ್ರದಲ್ಲಿ ಕೆಸರಿರಲಿಲ್ಲ.

"ಶಾಲೆ ಅಲ್ಲೇ ಇದೆ," ಎಂದಿರಿ ತಾವು. "ಕಟ್ಟಡ ಬಂದಿಲ್ಲ, ಅಷ್ಟೇ."

"ಮಕ್ಕಳು, ಮೇಷ್ಟ್ರು, ಬೆಂಚು, ಗಂಟೆ ಎಲ್ಲ ನಮ್ಮ ಬೀದಿಯಲ್ಲಿದೆಯಲ್ಲ ಸಾರ್?"

"ಅದು ತಾತ್ಕಾಲಿಕ ವ್ಯವಸ್ಥೆ ಕಣ್ರೀ."

ಮಕ್ಕಳೂ ಮೇಷ್ಟರೂ ತಾತ್ಕಾಲಿಕ, ಕಲ್ಲು ಮಾತ್ರ ಶಾಶ್ವತ ಎಂಬ ಜ್ಞಾನ ನನಗೆ ಅಂದು ಬಂತು. ಹೋಗಲಿ, ಆ ಕಲ್ಲನ್ನಾದರೂ ಗೂಟದ ಹತ್ತಿರಕ್ಕೆ ಸರಿಸಿ ಎಂದೆ. ಶಂಕುಸ್ಥಾಪನೆಯಾದ ಕಲ್ಲನ್ನು ಸರಿಸುವ ಅಧಿಕಾರ ತಮಗಿಲ್ಲ ಎಂದಿರಿ. ಹಾಕಿಸುವ ಅಧಿಕಾರ ಆಪ್ತ ಸಹಾಯಕರಿಗೂ ಇತ್ತು, ಸರಿಸುವ ಅಧಿಕಾರ ಯಾರಿಗೂ ಇಲ್ಲ. ಇಂಥ ಕಾನೂನನ್ನು ಯಾವ ಪುಣ್ಯಾತ್ಮ ಬರೆದನೋ, ಅವನ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಾರೋ ತಿಳಿಯಬೇಕು.

ಇನ್ನು ಈ ನಿಯಮದಿಂದ ಸೀಟು ಸಿಕ್ಕವರ ಕಥೆ ಕೇಳಿ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬೈಪಾಸಿನಾಚೆ ಹೊಸ ಬಡಾವಣೆಯ ಮಕ್ಕಳು ಅವು. ಕಲ್ಲಿಗೆ ಹತ್ತಿರವಿರುವ ತಪ್ಪಿಗೆ ಪಾಪ ಅವಕ್ಕೆ ಈ ಶಾಲೆ ಬಿದ್ದಿದೆ. ದಿನಾ ಬೆಳಗ್ಗೆ ಕಿಕ್ಕಿರಿದ ವ್ಯಾನಿನಲ್ಲಿ ಊರನ್ನೆಲ್ಲ ದಾಟಿ ನಮ್ಮ ಬೀದಿಗೆ ಬಂದಿಳಿಯುತ್ತವೆ. ರೈಲ್ವೆ ಗೇಟು ಹಾಕಿತ್ತೆಂದರೆ ಮೊದಲ ಪೀರಿಯಡ್ಡು ಹೋಯಿತು. ಹೀಗೆ ಸೇರಿದ ಮೊದಲ ಮಕ್ಕಳು ಈ ಸಲ ಹತ್ತನೇ ತರಗತಿ ಪರೀಕ್ಷೆ ಬರೆದರು, ಫಲಿತಾಂಶ ನೆಲ ಕಚ್ಚಿತು. ತಾವು ಮಾಡಿದ್ದೇನು? ಹೆಡ್‌ಮಾಸ್ಟರಿಗೆ ನೋಟಿಸು ಕೊಟ್ಟಿರಿ. ಮಕ್ಕಳು ದೂರದಿಂದ ಬರುತ್ತವೆ, ತಡವಾಗುತ್ತದೆ, ಸುಸ್ತಾಗಿ ಬಂದು ಬೆಂಚಿನ ಮೇಲೆ ತೂಕಡಿಸುತ್ತವೆ ಎಂದು ಆ ಮನುಷ್ಯ ಉತ್ತರ ಬರೆದರು. ಅದಕ್ಕೆ ತಮ್ಮ ಕಚೇರಿಯ ಮರುತ್ತರ ಬಂತು: ಇಲಾಖೆಯ ಮಾಹಿತಿಯಂತೆ ವಿದ್ಯಾರ್ಥಿಗಳೆಲ್ಲರೂ ಶಾಲೆಯ ಆಸುಪಾಸಿನಲ್ಲೇ ವಾಸವಿರುವುದರಿಂದ ತಮ್ಮ ವಿವರಣೆಯನ್ನು ಒಪ್ಪಲಾಗದು.

ಇದನ್ನು ನನಗೆ ಹೆಡ್‌ಮಾಸ್ಟರು ಹೇಳಲಿಲ್ಲ. ಅವರಿಗೆ ಇನ್ನೊಂದು ನೋಟಿಸು ಟೈಪು ಮಾಡಿಸಬೇಡಿ. ಅವರು ಮೇಷ್ಟರುಗಳನ್ನು ಕೂಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದುವಾಗ ನಾನು ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಓದಿ ಮುಗಿಸಿದ ಮೇಲೆ ಯಾರೋ ಒಬ್ಬರು, "ಹಾಗಾದ್ರೆ ನಾವೆಲ್ಲ ಈಗ ಎಲ್ಲಿದೀವಿ ಸಾರ್?" ಎಂದು ಕೇಳಿದ್ದು ಕೇಳಿಸಿತು.

ನನ್ನ ಮಗಳಿಗೆ ಬೇರೆ ಶಾಲೆ ಕೊಟ್ಟಿದ್ದೇವಲ್ಲ ಎಂದು ತಾವು ಹೇಳಬಹುದು. ಕೊಟ್ಟಿದ್ದೀರಿ. ಅದು ಆ ಕಲ್ಲಿಗಿಂತಲೂ ಎಷ್ಟೋ ಆಚೆಗಿದೆ. ಕಲ್ಲಿನ ತನಕ ದೂರ ಎಂದು ಸೀಟು ತಪ್ಪಿಸಿ, ಆ ಕಲ್ಲಿನ ಮುಂದೆಯೇ ಬಸ್ಸಿನಲ್ಲಿ ಹಾದು ಹೋಗುವಂಥ ಶಾಲೆಗೆ ಹಾಕಿದ್ದೀರಿ. ಒಂದು ಬಸ್ಸು ಇಳಿದು ಇನ್ನೊಂದು ಹತ್ತಬೇಕು. ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಲ ವಾರ ಹೋದಳು. ಒಂದು ಸಂಜೆ ಬಸ್ಸು ತಪ್ಪಿ, ಬೈಪಾಸಿನಲ್ಲಿ ಲಾರಿಗಳ ನಡುವೆ ನಡೆದುಕೊಂಡು ಕತ್ತಲಾದ ಮೇಲೆ ಮನೆಗೆ ಬಂದಳು. ಅವಳಮ್ಮ ಬಾಗಿಲಲ್ಲೇ ಕುಸಿದು ಕೂತಿದ್ದಳು. "ಓದದಿದ್ರೂ ಪರವಾಗಿಲ್ಲ, ನಂಗೆ ಮಗಳು ಬೇಕು," ಎಂದಳು. ನನ್ನ ಹೆಂಡತಿ ಓದಿಲ್ಲ. ಮಗಳು ಓದಬೇಕೆಂದು ನನಗಿಂತ ಹಟ ಹಿಡಿದವಳು ಅವಳು. ಅವಳ ಬಾಯಿಂದ ಆ ಮಾತು ಹೊರಡಿಸಿದ ಕೀರ್ತಿಯೂ ತಮ್ಮ ಇಲಾಖೆಗೇ ಸಲ್ಲಲಿ.

ಅಂದಿನಿಂದ ಮೈಕು ಮನೆಯಲ್ಲಿ ಉಳಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಕೂತರೆ ಎದುರಿಗೆ ಎಂಟನೇ ತರಗತಿಯ ಕಿಟಕಿ. ಅವಳಾಗಿಯೇ ಪುಸ್ತಕ ತೆಗೆದುಕೊಂಡು ಬೆಳಗ್ಗೆ ಗಂಟೆ ಹೊಡೆದೊಡನೆ ಅಲ್ಲಿ ಹೋಗಿ ಕೂರುತ್ತಿದ್ದಳು. ಯೂನಿಫಾರಂ ಹಾಕಿಕೊಂಡು ಕೂತದ್ದನ್ನು ಮೊದಲ ದಿನ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ದಿನ ವಿಜ್ಞಾನದ ಮೇಡಂ ಶಬ್ದದ ಪಾಠ ಮಾಡುತ್ತಿದ್ದರು. "ಶಬ್ದ ಗೋಡೆಯನ್ನ ದಾಟುತ್ತಾ? ಯಾರಾದ್ರೂ ಹೇಳಿ," ಎಂದರು. ವ್ಯಾನಿನಲ್ಲಿ ಬಂದ ಮಕ್ಕಳು, ಪಾಪ, ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದವು.

"ದಾಟುತ್ತೆ ಮಿಸ್!" ಎಂದು ನಮ್ಮ ಅಡುಗೆಮನೆಯಿಂದ ಉತ್ತರ ಹೋಯಿತು.

ಇಡೀ ತರಗತಿ ಹೋ ಎಂದು ನಕ್ಕಿತು. ಆ ಮೇಡಂ ಕಿಟಕಿಗೆ ಬಂದು ಇಣುಕಿ ನೋಡಿದರು. ಬೈಯುತ್ತಾರೆಂದು, ಅಲ್ಲೇ ಕೂತಿದ್ದ ನಾನು ಎದ್ದು ನಿಂತೆ. "ಉತ್ತರಾನೂ ಸರಿ, ಪ್ರಯೋಗಾನೂ ಸರಿ. ಕೂತ್ಕೋ," ಎಂದರು. ಮರುದಿನದಿಂದ ಅವರ ದನಿ ಒಂದಿಷ್ಟು ಏರಿತು, ಬೋರ್ಡು ಒಂದಿಷ್ಟು ನಮ್ಮ ಕಡೆ ತಿರುಗಿತು. ಹಾಜರಿ ಕೂಗಿ ಮುಗಿಸಿದ ಮೇಲೆ ಪುಸ್ತಕ ಮುಚ್ಚುವ ಮೊದಲು ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆ ಬಿಡುವಿನಲ್ಲಿ ನನ್ನ ಮಗಳು "ಹಾಜರ್ ಮಿಸ್" ಎನ್ನುತ್ತಿದ್ದಳು. ಅಷ್ಟೇ, ಇನ್ನೇನಿಲ್ಲ. ಸರ್ಕಾರದ ಒಂದು ಸೀಮೆಸುಣ್ಣವೂ ಅದರಿಂದ ಹೆಚ್ಚಿಗೆ ಸವೆಯಲಿಲ್ಲ.

ಹೀಗಿರುವಾಗ ತಮ್ಮ ಕಚೇರಿಯಿಂದ ತಪಾಸಣೆಗೆ ಬಂದರು. ಬಂದವರಿಗೆ ಕಟ್ಟಡದ ಬಿರುಕು ಕಾಣಲಿಲ್ಲ, ಮುರಿದ ಬೆಂಚು ಕಾಣಲಿಲ್ಲ, ಅರ್ಧ ತರಗತಿ ಇನ್ನೂ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದೂ ಕಾಣಲಿಲ್ಲ. ಹಾಜರಿಯ ಕೊನೆಯಲ್ಲಿ ಗೋಡೆಯಾಚೆಯಿಂದ ಬಂದ ಒಂದು 'ಹಾಜರ್ ಮಿಸ್' ಮಾತ್ರ ಕಿವಿಗೆ ಬಿತ್ತು. ಯಾರದು, ಏನು, ಎತ್ತ ಎಂದು ವಿಚಾರಣೆಯಾಯಿತು. ಮೇಡಂಗೆ ಎಚ್ಚರಿಕೆ ಪತ್ರ ಬಂತು. ಪ್ರವೇಶ ಪಡೆಯದ ವ್ಯಕ್ತಿಯೊಬ್ಬರು ಬೋಧನೆಯ ಲಾಭ ಪಡೆಯುತ್ತಿದ್ದು, ಅದನ್ನು ತಡೆಯಲು ಕಾಂಪೌಂಡು ಗೋಡೆಯನ್ನು ಎತ್ತರಿಸತಕ್ಕದ್ದು ಎಂದು ಆದೇಶವಾಯಿತು.

ಒಂದು ವಾರವೂ ಆಗಲಿಲ್ಲ. ಇಟ್ಟಿಗೆ ಬಂತು, ಮರಳು ಬಂತು, ಸಿಮೆಂಟು ಬಂತು. ಗಾರೆಯವರು ಬಂದರು. ತಮ್ಮ ಇಂಜಿನಿಯರು ಖುದ್ದಾಗಿ ಬಂದು, ಕೆಸರಿನಲ್ಲೇ ನಿಂತು, ಗೋಡೆ ನೆಟ್ಟಗಿದೆಯೇ ಎಂದು ದಾರ ಹಿಡಿದು ನೋಡಿದರು. ನಾಲ್ಕು ವರ್ಷದಲ್ಲಿ ಒಂದು ಬುಟ್ಟಿ ಮಣ್ಣು ಬೀಳದ ಊರಿನಲ್ಲಿ, ಒಬ್ಬ ಹುಡುಗಿಗೆ ಪಾಠ ಕೇಳಿಸಬಾರದೆಂದು ನಮ್ಮ ಕಿಟಕಿಗಿಂತ ಎತ್ತರದ ಗೋಡೆ ಎದ್ದು ನಿಂತಿತು.

ಇಲ್ಲಿಯವರೆಗೆ ತಮ್ಮನ್ನು 'ತಾವು' ಎಂದು ಕರೆದೆ. ಇನ್ನು 'ನೀವು' ಎನ್ನುತ್ತೇನೆ. ಅದಕ್ಕಿಂತ ಕೆಳಗೆ ಇಳಿಯದಂತೆ ನನ್ನ ನಾಲಿಗೆಯನ್ನು ಹಿಡಿದುಕೊಂಡಿದ್ದೇನೆ, ಅದೇ ನಿಮಗೆ ನಾನು ಕೊಡುವ ಗೌರವ.

ಹಾಗಾದರೆ ನಿಮ್ಮ ಹತ್ತಿರ ಇಟ್ಟಿಗೆ ಇತ್ತು! ಸಿಮೆಂಟು ಇತ್ತು, ಕೆಲಸದವರಿದ್ದರು, ಮಂಜೂರಾತಿಗೆ ಸಹಿ ಹಾಕುವ ಪೆನ್ನಿನಲ್ಲಿ ಶಾಯಿಯೂ ಇತ್ತು. ಅನುದಾನ ಬಂದಿಲ್ಲ, ಟೆಂಡರು ಆಗಿಲ್ಲ, ಮಳೆಗಾಲ ಮುಗಿಯಲಿ, ಬೇಸಿಗೆ ಕಳೆಯಲಿ ಎಂದು ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಏನು? ನಿಮಗೆ ಕಟ್ಟಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಆ ಗೋಡೆಯನ್ನು ನಾನು ಕೈಯಿಂದ ತಟ್ಟಿ ನೋಡಿದ್ದೇನೆ, ಎಲ್ಲೂ ಪೊಳ್ಳಿಲ್ಲ. ಮಕ್ಕಳನ್ನು ಹೊರಗಿಡುವುದಾದರೆ ಎರಡೂ ಕೈಯಲ್ಲಿ ಕಟ್ಟುತ್ತೀರಿ, ಒಳಗೆ ಕೂರಿಸುವುದಕ್ಕೆ ಮಾತ್ರ ನಿಮ್ಮ ಕೈ ಏಳುವುದಿಲ್ಲ.

ಗೋಡೆ ಏಳುವಾಗ ಮೈಕು ಅದೇ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಮೊದಲ ದಿನ ಗಾರೆಯವರನ್ನು, "ಮಾಮ, ಹೊಸ ಸ್ಕೂಲು ಕಟ್ತಿದೀರಾ?" ಎಂದು ಕೇಳಿದಳು. ಅವರಲ್ಲೊಬ್ಬರು ಕರಣೆ ಕೈಯಲ್ಲಿ ಹಿಡಿದುಕೊಂಡೇ, "ಇಲ್ಲ ಮಗಾ, ಗೋಡೆ ಮಾತ್ರ," ಎಂದರು. ಕೊನೆಯ ಸಾಲು ಇಟ್ಟಾದ ಮೇಲೆ ಅಡುಗೆಮನೆಗೆ ಮಬ್ಬು ಕವಿಯಿತು. ಈಗ ನನ್ನ ಹೆಂಡತಿ ಮಧ್ಯಾಹ್ನವೂ ದೀಪ ಹಾಕಿಕೊಂಡು ಅಡುಗೆ ಮಾಡುತ್ತಾಳೆ. ಪಾಠ ಕೇಳುವುದಿಲ್ಲ, ಗುಂಯ್ ಎಂಬ ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. ಮೇಡಂ ಎಷ್ಟು ಗಟ್ಟಿಯಾಗಿ ಹೇಳಿದರೂ ಅಷ್ಟೇ.

ಅಂದು ಸಂಜೆ ಊಟಕ್ಕೆ ಕೂತಾಗ ಅವಳು ನನ್ನನ್ನು ಕೇಳಿದಳು. "ಅಪ್ಪಾ, ನಾವು ಮನೆ ಬದಲಾಯಿಸೋಣ್ವಾ?"

"ಎಲ್ಲಿಗೆ ಹೋಗೋಣಮ್ಮಾ?"

"ಆ ಕಲ್ಲಿನ ಹತ್ರ. ಅಲ್ಲಿ ಮನೆ ಮಾಡಿದ್ರೆ ಈ ಸ್ಕೂಲಿಗೆ ಸೇರಿಸ್ಕೋತಾರಲ್ಲ. ನಾನು ವ್ಯಾನಲ್ಲಿ ಬರ್ತೀನಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಯೋಚಿಸಿ, ದಾರಿ ಹುಡುಕಿ, ಅಪ್ಪನಿಗೆ ಸಹಾಯವಾಗಲೆಂದು ಹೇಳಿದ ಮಾತು ಅದು. ಗೋಡೆಯಾಚೆಯ ಶಾಲೆಗೆ ಸೇರಲು ಊರಾಚೆ ಹೋಗಿ ಮನೆ ಮಾಡಬೇಕೆಂದು ಹದಿಮೂರರ ಹುಡುಗಿ ಲೆಕ್ಕ ಹಾಕಿದ್ದಾಳೆ. ನಿಮ್ಮ ನಿಯಮ ಅವಳಿಗೆ ಪೂರ್ತಿ ಅರ್ಥವಾಗಿತ್ತು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋಗಿ ಅತ್ತೆ. ಸಭೆಗಳಲ್ಲಿ ಎಂತೆಂಥವರ ಕಣ್ಣೀರಿನ ಭಾಷಣಕ್ಕೆ ಮೈಕು ಹಿಡಿದಿದ್ದೇನೆ, ನನ್ನ ಕಣ್ಣು ಒದ್ದೆಯಾದದ್ದಿಲ್ಲ. ಅಂದು ಆ ಹೊಸ ಗೋಡೆಗೆ ಹಣೆ ಒತ್ತಿಕೊಂಡು ಅತ್ತೆ. ಸಿಮೆಂಟು ಇನ್ನೂ ತಣ್ಣಗಿತ್ತು.

ಈ ಪತ್ರವನ್ನು ಅಂದೇ ಬರೆಯಬೇಕಿತ್ತು. ಬಡವನ ಕೋಪ ಯಾರಿಗೆ ಬೇಕು ಎಂದು ಸುಮ್ಮನಾಗಿದ್ದೆ. ಆದರೆ ನಿನ್ನೆ ನಿಮ್ಮ ಆಪ್ತ ಸಹಾಯಕರು ನನಗೆ ಫೋನು ಮಾಡಿದರು. ದನಿಯಲ್ಲಿ ಸಂಭ್ರಮವಿತ್ತು.

"ಮುಂದಿನ ಸೋಮವಾರ ಫ್ರೀ ಇದೀಯೇನಪ್ಪಾ? ಹೊಸ ಸೈಟಲ್ಲಿ ಸಣ್ಣ ಫಂಕ್ಷನ್ನು."

"ಕಟ್ಟಡ ಶುರುವಾಗುತ್ತಾ ಸಾರ್?"

"ಅದಲ್ಲಪ್ಪಾ. ನಾಮಫಲಕ ಅನಾವರಣ. ದೊಡ್ಡ ಬೋರ್ಡು ಮಾಡ್ಸಿದೀವಿ, ಶಾಲೆ ಹೆಸರು ಹಾಕಿ. ಎರಡು ಮೈಕು, ನಾಲ್ಕು ಸ್ಪೀಕರು ಸಾಕು."

ಇಲ್ಲದ ಶಾಲೆಗೆ ಬೋರ್ಡು! ಮೊದಲು ಕಲ್ಲು, ಆಮೇಲೆ ಬೋರ್ಡು. ಮುಂದೆ ಇಲ್ಲದ ಗೋಡೆಗೆ ಸುಣ್ಣ ಹೊಡೆಸುತ್ತೀರೋ, ಇಲ್ಲದ ಗಂಟೆಗೆ ಜವಾನನನ್ನು ನೇಮಿಸುತ್ತೀರೋ, ಇಲ್ಲದ ಮಕ್ಕಳನ್ನು ಪಾಸು ಮಾಡಿಸಿ ಫಲಿತಾಂಶ ಏರಿತೆಂದು ಪತ್ರಿಕೆಗೆ ಜಾಹೀರಾತು ಕೊಡುತ್ತೀರೋ, ನಿಮಗೇ ಗೊತ್ತು. ನಾನು ಫೋನು ಕುಕ್ಕಿಬಿಡಬಹುದಿತ್ತು. ಕುಕ್ಕಲಿಲ್ಲ. "ಆಗ್ಲಿ ಸಾರ್, ಬರ್ತೀನಿ," ಎಂದೆ. ಹೆಂಡತಿ ಪಕ್ಕದಲ್ಲೇ ಇದ್ದವಳು, "ಮಾನ ಮರ್ಯಾದೆ ಇದೆಯಾ ನಿಮಗೆ?" ಎಂದು ಸೌಟು ಎತ್ತಿದಳು. ನನ್ನ ಯೋಚನೆ ಹೇಳಿದ ಮೇಲೆ ಸೌಟು ಇಳಿಸಿದಳು.

ಈಗ ನನ್ನ ಬೇಡಿಕೆ ಕೇಳಿ. ಎರಡರಲ್ಲಿ ಒಂದು ಮಾಡಿ. ಶಾಲೆಯನ್ನು ಕಲ್ಲಿನ ಹತ್ತಿರ ಕಟ್ಟಿ, ಇಲ್ಲವೇ ಕಲ್ಲನ್ನು ಶಾಲೆಯ ಹತ್ತಿರ ತನ್ನಿ. ಮೊದಲನೆಯದು ನಿಮ್ಮಿಂದ ಸೋಮವಾರದೊಳಗೆ ಆಗುವಂಥದ್ದಲ್ಲ. ಎರಡನೆಯದಕ್ಕೆ ನನ್ನ ಗೂಡ್ಸ್ ಆಟೋ ಇದೆ, ಬಾಡಿಗೆ ಬೇಡ. ನಾನು, ನಮ್ಮ ಬೀದಿಯ ನಾಲ್ಕು ಜನ, ಆ ಗಾರೆಯವರು ಸೇರಿದರೆ ಕಲ್ಲು ಎತ್ತಿ ತಂದು ನಮ್ಮ ಶಾಲೆಯ ಬಾಗಿಲಲ್ಲಿ ನಿಲ್ಲಿಸುತ್ತೇವೆ. ಅಲ್ಲಿಂದ ಅಳೆದುಕೊಳ್ಳಿ. ಕಲ್ಲು ಸರಿಸುವ ಅಧಿಕಾರ ನಿಮಗಿಲ್ಲದಿದ್ದರೆ ಚಿಂತೆಯಿಲ್ಲ, ಸರಿಸುವವರು ನಾವು, ನೀವು ಆ ಕಡೆ ಮುಖ ತಿರುಗಿಸಿದರೆ ಸಾಕು. ಅದರಲ್ಲಿ ನಿಮ್ಮದು ಎತ್ತಿದ ಕೈ. ಬೈಪಾಸಿನಾಚೆಯ ಮಕ್ಕಳಿಗೆ ಅವರ ಬಡಾವಣೆಯ ಹತ್ತಿರವೇ ಓದುವ ಏರ್ಪಾಟು ಮಾಡಿ, ಅವರು ವ್ಯಾನಿನಲ್ಲಿ ನಿದ್ದೆ ಮಾಡುವುದು ತಪ್ಪಲಿ. ಹೆಡ್‌ಮಾಸ್ಟರಿಗೂ ಮೇಡಂಗೂ ಕೊಟ್ಟ ಪತ್ರಗಳನ್ನು ಹಿಂದಕ್ಕೆ ಪಡೆಯಿರಿ. ನನ್ನ ಮಗಳ ಹೆಸರನ್ನು ಹಾಜರಿಯಲ್ಲಿ ಸೇರಿಸಿ, ಅವಳು ಕೂಗಿದಾಗ ಅದು ತರಗತಿಯ ಒಳಗಿನಿಂದ ಕೇಳಬೇಕು.

ಇದ್ಯಾವುದೂ ಆಗುವುದಿಲ್ಲ ಎಂದಾದರೆ, ಸೋಮವಾರ ನಾನು ಬರುತ್ತೇನೆ. ಬಾಡಿಗೆಯ ಮಾತು ಕೊಟ್ಟ ಮೇಲೆ ತಪ್ಪುವವನಲ್ಲ. ಆದರೆ ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಈ ಸಲ ವೈರು ಸಾಕಷ್ಟಿದೆ. ಮನೆಯಲ್ಲಿದ್ದ ಸುರುಳಿಗಳನ್ನೆಲ್ಲ ಜೋಡಿಸಿ ಇಟ್ಟಿದ್ದೇನೆ. ಮೈಕನ್ನು ರಸ್ತೆಯ ಅಂಚಿನಲ್ಲಿ ಹಾಕುವುದಿಲ್ಲ, ಒಳಗೆ, ಆ ನಾಲ್ಕು ಕೆಂಪು ಗೂಟಗಳ ನಡುವೆ ಹಾಕುತ್ತೇನೆ. ಈ ವಾರವೆಲ್ಲ ಮಳೆ ಬಂದಿದೆ. ಮಾತಾಡಬೇಕಿದ್ದರೆ ಅಲ್ಲಿಯವರೆಗೆ ನಡೆದು ಬನ್ನಿ, ನಿಮ್ಮ ಶಾಲೆಯ ನೆಲ ಹೇಗಿದೆಯೆಂದು ನಿಮ್ಮ ಬೂಟಿಗೂ ತಿಳಿಯಲಿ. ಬಂದವರು ಮೈಕನ್ನು ಕುಟ್ಟಬೇಡಿ. ಅದು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ನಿಮಗಿಂತ ಮೊದಲು ನನ್ನ ಮಗಳು ಯೂನಿಫಾರಂ ಹಾಕಿಕೊಂಡು ಅಲ್ಲಿ ನಿಂತಿರುತ್ತಾಳೆ. ಅವಳು ಹೇಳುವುದು ಎರಡೇ ಮಾತು, "ಹಾಜರ್ ಮಿಸ್." ನಾಲ್ಕು ಸ್ಪೀಕರುಗಳನ್ನೂ ಊರಿನ ಕಡೆಗೆ ತಿರುಗಿಸಿರುತ್ತೇನೆ.

ಇಂತಿ,
ನಿಮ್ಮ ಮಾತನ್ನು ಊರಿಗೆಲ್ಲ ಕೇಳಿಸಿ, ತನ್ನ ಮಾತನ್ನು ನಿಮಗೊಬ್ಬರಿಗೆ ಕೇಳಿಸಲಾಗದೆ ಹೋದ
ಮೈಕ್‌ಸೆಟ್ಟಿನವನು
(ವಾಸ: ಶಾಲೆಯ ಹಿಂದೆ. ನಿಮ್ಮ ಪ್ರಕಾರ, ಬಹಳ ದೂರ.)